ಹೊಸ ನಕ್ಷತ್ರದ ಶೋಧ ಮತ್ತು ಕರಾವಳಿಯ ಆಕಾಶಜ್ಞಾನ: ಭಟ್ಕಳ, ಹೊನ್ನಾವರ, ಕುಮಟಾ ಪರಿಸರವನ್ನು ಮುಂದಿಟ್ಟುಕೊಂಡು

ಪ್ರವೇಶ

ನಮ್ಮ ಜಾನಪದ ಅಧ್ಯಯನದಲ್ಲಿ ಮಳೆ, ಬೆಳೆ, ಕಾಡು, ಕಡಲುಗಳಿಗೆ ದೊರೆತಷ್ಟು ಗಮನ ಆಕಾಶಕ್ಕೆ ದೊರೆತಿಲ್ಲ. ಮಳೆನಕ್ಷತ್ರಗಳ ಹೆಸರು, ಗ್ರಹಣಕಾಲದ ಆಚರಣೆ, ಧೂಮಕೇತುವಿನ ಅಪಶಕುನ ಇವನ್ನು ‘ನಂಬಿಕೆಗಳು’ ಎಂಬ ಅಧ್ಯಾಯದಲ್ಲಿ ಪಟ್ಟಿಮಾಡಿ ಮುಂದೆ ಸಾಗುವುದು ರೂಢಿಯಾಗಿದೆ. ರಾತ್ರಿಯ ಆಕಾಶವನ್ನು ದುಡಿಮೆಯ ಭಾಗವಾಗಿ ಓದಿದ ಸಮುದಾಯಗಳ ಅರಿವು ಈ ಪಟ್ಟಿಯೊಳಗೆ ಹಿಡಿಸುವಂಥದ್ದಲ್ಲ. ಭಟ್ಕಳ, ಹೊನ್ನಾವರ, ಕುಮಟಾ ತೀರಗಳ ಖಾರ್ವಿ, ಹರಿಕಂತ, ಮೊಗೇರ, ಅಂಬಿಗ, ದಾಲ್ದಿ ಮೊದಲಾದ ಕಡಲವಲಂಬಿ ಸಮುದಾಯಗಳು ಇದಕ್ಕೆ ನಿದರ್ಶನ.

ಪ್ರಸ್ತುತ ಲೇಖನದಲ್ಲಿ ಖಗೋಳಶಾಸ್ತ್ರದ ಇತ್ತೀಚಿನ ಒಂದು ಶೋಧವನ್ನು, ಅಂದರೆ ಅತ್ಯುಜ್ಜ್ವಲ ಸೂಪರ್‌ನೋವಾಗಳ ಶೋಧವನ್ನು, ಪರಿಚಯಿಸಲಾಗಿದೆ. ಆ ಶೋಧ ಹೇಗೆ ತಡವಾಯಿತು, ಯಾವ ಬದಲಾವಣೆಯಿಂದ ಸಾಧ್ಯವಾಯಿತು ಎಂಬುದನ್ನು ವಿವರಿಸಿ, ಅದರಿಂದ ನಮ್ಮ ಕ್ಷೇತ್ರಕಾರ್ಯ ಕಲಿಯಬೇಕಾದ ಪಾಠವೊಂದನ್ನು ಗುರುತಿಸುವುದು ಇಲ್ಲಿನ ಉದ್ದೇಶ. ವಿಜ್ಞಾನದ ಸಂಗತಿಗಳೆಲ್ಲ ನಮ್ಮ ಪೂರ್ವಿಕರಿಗೆ ಮೊದಲೇ ತಿಳಿದಿದ್ದವು ಎಂದು ಸಾಧಿಸುವ ಹವಣಿಕೆ ಇಲ್ಲಿಲ್ಲ. ಅಂಥ ವಾದದ ಅಪಾಯಗಳನ್ನೂ ಮುಂದೆ ಚರ್ಚಿಸಲಾಗಿದೆ.

ಎರಡು ಬಗೆಯ ಹೊಳಪು

ಸೂಪರ್‌ನೋವಾ ಎಂಬುದನ್ನು ಕನ್ನಡದಲ್ಲಿ ಕೆಲವರು ‘ಮಹಾನವ್ಯ’ ಎಂದು ಕರೆದಿದ್ದಾರೆ. ‘ನೋವಾ’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಹೊಸತು. ವಾಸ್ತವದಲ್ಲಿ ಅದು ಹೊಸ ನಕ್ಷತ್ರದ ಹುಟ್ಟಲ್ಲ, ಹಳೆಯ ನಕ್ಷತ್ರದ ಅಂತ್ಯ. ಸೂರ್ಯನಿಗಿಂತ ಎಂಟು ಪಟ್ಟಿಗೂ ಹೆಚ್ಚು ದ್ರವ್ಯವುಳ್ಳ ನಕ್ಷತ್ರವೊಂದರ ಒಡಲಿನ ಇಂಧನ ಮುಗಿದಾಗ ಅದರ ತಿರುಳು ಕುಸಿದು ಹೊರಪದರಗಳು ಸಿಡಿದು ಚೆಲ್ಲುತ್ತವೆ. ಇದು ಒಂದು ಬಗೆ. ಇನ್ನೊಂದು ಬಗೆಯಲ್ಲಿ, ಜೊತೆಗಾರ ನಕ್ಷತ್ರದಿಂದ ದ್ರವ್ಯವನ್ನು ಸೆಳೆದುಕೊಂಡ ಅಥವಾ ಅದರೊಡನೆ ಕೂಡಿಹೋದ ಶ್ವೇತಕುಬ್ಜವೊಂದು ಇಡಿಯಾಗಿ ಸ್ಫೋಟಗೊಳ್ಳುತ್ತದೆ. ವಾಲ್ಟರ್ ಬಾಡೆ ಮತ್ತು ಫ್ರಿಟ್ಜ್ ಜ್ವಿಕಿ ಎಂಬ ವಿಜ್ಞಾನಿಗಳು 1934ರಲ್ಲಿ ಪ್ರಕಟಿಸಿದ ಪ್ರಬಂಧಗಳ ಮೂಲಕ ‘ಸೂಪರ್‌ನೋವಾ’ ಎಂಬ ಹೆಸರು ನೆಲೆಗೊಂಡಿತು. ಸಾಧಾರಣ ಸೂಪರ್‌ನೋವಾ ಒಂದು ತನ್ನ ಹೊಳಪಿನ ತುದಿಯಲ್ಲಿ ನೂರಾರು ಕೋಟಿ ಸೂರ್ಯರಷ್ಟು ಬೆಳಕನ್ನು ಸೂಸಬಲ್ಲದು.

ಇಲ್ಲಿ ‘ಹೊಳಪು’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಇರುಳಲ್ಲಿ ಕಡಲ ದಂಡೆಯಲ್ಲಿ ನಿಂತವನಿಗೆ ಪಕ್ಕದ ದೋಣಿಯ ಲಾಂದ್ರ ದೊಡ್ಡದಾಗಿಯೂ ದೂರದ ದೀಪಸ್ತಂಭ ಸಣ್ಣ ಚುಕ್ಕಿಯಾಗಿಯೂ ಕಾಣುತ್ತದೆ. ಕಣ್ಣಿಗೆ ಬೀಳುವ ಹೊಳಪು ಬೇರೆ, ದೀಪದ ನಿಜವಾದ ಕಸುವು ಬೇರೆ. ಇತಿಹಾಸದಲ್ಲಿ ಜನರು ಬರಿಗಣ್ಣಿನಿಂದ ಕಂಡು ಬೆರಗಾದ ಸೂಪರ್‌ನೋವಾಗಳು ಪಕ್ಕದ ಲಾಂದ್ರಗಳು. ನಮ್ಮದೇ ಗೆಲಾಕ್ಸಿಯಾದ ಆಕಾಶಗಂಗೆಯೊಳಗೆ ಸಂಭವಿಸಿದ ಸಾಧಾರಣ ಸ್ಫೋಟಗಳವು. ಈ ಲೇಖನದಲ್ಲಿ ‘ಅತ್ಯುಜ್ಜ್ವಲ’ ಎಂದು ಕರೆಯುವ ಸ್ಫೋಟಗಳಾದರೋ ದೂರದ ದೀಪಸ್ತಂಭಗಳು. ಇವು ಸಾಧಾರಣ ಸೂಪರ್‌ನೋವಾಗಳಿಗಿಂತ ಹತ್ತರಿಂದ ನೂರು ಪಟ್ಟು ಪ್ರಖರ, ಆದರೆ ಕೋಟ್ಯಂತರ ಜ್ಯೋತಿರ್ವರ್ಷಗಳ ಆಚೆ ಇರುವುದರಿಂದ ಬರಿಗಣ್ಣಿಗೆ ನಿಲುಕವು.

ಅತ್ಯುಜ್ಜ್ವಲ ವರ್ಗದ ಶೋಧ

ಸೂಪರ್‌ನೋವಾಗಳನ್ನು ವ್ಯವಸ್ಥಿತವಾಗಿ ಹುಡುಕುವ ಕಾರ್ಯವನ್ನು ಜ್ವಿಕಿ 1930ರ ದಶಕದಲ್ಲಿಯೇ ಕ್ಯಾಲಿಫೋರ್ನಿಯಾದ ಪಾಲೊಮಾರ್ ಬೆಟ್ಟದಲ್ಲಿ ಆರಂಭಿಸಿದ್ದರು. ಹಾಗಿದ್ದೂ ಅತ್ಯುಜ್ಜ್ವಲವಾದವು ಒಂದು ಪ್ರತ್ಯೇಕ ವರ್ಗವಾಗಿ ಗುರುತಿಸಲ್ಪಡಲು ಇಪ್ಪತ್ತೊಂದನೆಯ ಶತಮಾನವೇ ಬೇಕಾಯಿತು. ಎಲ್ಲಕ್ಕಿಂತ ಪ್ರಖರವಾದುದು ಎಲ್ಲಕ್ಕಿಂತ ತಡವಾಗಿ ಕಂಡದ್ದು ಮೇಲ್ನೋಟಕ್ಕೆ ವಿಚಿತ್ರ. ಇವು ಅತಿ ವಿರಳ, ಸಾವಿರ ಸೂಪರ್‌ನೋವಾಗಳಿಗೆ ಒಂದೂ ದಕ್ಕಲಾರದು ಎಂಬುದು ಇದಕ್ಕೆ ಒಂದು ಕಾರಣ. ಹುಡುಕುವ ಕ್ರಮವೇ ಇನ್ನೊಂದು ಕಾರಣ. ಇಪ್ಪತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಹತ್ತಿರದ ಸೂಪರ್‌ನೋವಾಗಳ ಬಹಳಷ್ಟು ಶೋಧಗಳು ಮೊದಲೇ ಆರಿಸಿಟ್ಟುಕೊಂಡ ದೊಡ್ಡ, ಹೆಸರಾಂತ ಗೆಲಾಕ್ಸಿಗಳತ್ತ ಮತ್ತೆಮತ್ತೆ ದೂರದರ್ಶಕವನ್ನು ತಿರುಗಿಸುವ ಕ್ರಮವನ್ನು ಅನುಸರಿಸುತ್ತಿದ್ದವು. ನಕ್ಷತ್ರಗಳು ಹೆಚ್ಚಿರುವಲ್ಲಿ ಅವುಗಳ ಸಾವೂ ಹೆಚ್ಚು ಎಂಬ ತರ್ಕ ತಪ್ಪಾಗಿರಲಿಲ್ಲ. ಆದರೆ ಅತ್ಯುಜ್ಜ್ವಲ ಸ್ಫೋಟಗಳಲ್ಲಿ, ವಿಶೇಷವಾಗಿ ಜಲಜನಕದ ಗುರುತು ಕಾಣದವುಗಳಲ್ಲಿ, ಹೆಚ್ಚಿನವು ಮಸುಕಾದ, ಪಟ್ಟಿಯಲ್ಲಿ ಹೆಸರೇ ಇಲ್ಲದ ಕುಬ್ಜ ಗೆಲಾಕ್ಸಿಗಳಲ್ಲಿ ಸಂಭವಿಸುತ್ತವೆ. ಆರಿಸಿ ನೋಡುವ ಕಣ್ಣಿಗೆ ಅವು ಬೀಳುವ ಸಂಭವ ಕಡಿಮೆಯಾಗಿತ್ತು.

ಈ ಸ್ಥಿತಿಯನ್ನು ಬದಲಿಸಿದವರಲ್ಲಿ ರಾಬರ್ಟ್ ಕ್ವಿಂಬಿ ಪ್ರಮುಖರು. ಅವರು ಟೆಕ್ಸಾಸಿನ ಮ್ಯಾಕ್‌ಡೊನಾಲ್ಡ್ ವೀಕ್ಷಣಾಲಯದಲ್ಲಿ ಕೇವಲ 45 ಸೆಂಟಿಮೀಟರ್ ವ್ಯಾಸದ, ಆದರೆ ಒಮ್ಮೆಗೇ ಆಕಾಶದ ವಿಸ್ತಾರ ಭಾಗವನ್ನು ಸೆರೆಹಿಡಿಯುವ ದೂರದರ್ಶಕವನ್ನು ಬಳಸಿದರು. ಅವರ ಗುರಿಯೂ ಹತ್ತಿರದ ಗೆಲಾಕ್ಸಿ ಗುಚ್ಛಗಳೇ ಆಗಿದ್ದವು. ಆದರೆ ಅವರು ಗುರಿಯನ್ನಷ್ಟೇ ನೋಡದೆ ಚೌಕಟ್ಟಿನೊಳಗೆ ಬಿದ್ದ ಎಲ್ಲವನ್ನೂ ಹಳೆಯ ಚಿತ್ರದೊಡನೆ ಹೋಲಿಸಿ, ಎಲ್ಲಿ ಬದಲಾವಣೆ ಕಂಡರೂ ಪರಿಶೀಲಿಸಿದರು. 2005ರಲ್ಲಿ ಹೀಗೆ ಕೋಮಾ ಗುಚ್ಛದ ಚಿತ್ರಗಳ ಹಿನ್ನೆಲೆಯಲ್ಲಿ, ಆ ಗುಚ್ಛಕ್ಕಿಂತ ಎಷ್ಟೋ ದೂರದಲ್ಲಿ ‘2005ಎಪಿ’ ಎಂಬ ಸೂಪರ್‌ನೋವಾ ದೊರಕಿತು. 2006ರ ಸೆಪ್ಟೆಂಬರ್‌ನಲ್ಲಿ ಸುಮಾರು 24 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯೊಂದರಲ್ಲಿ ‘2006ಜಿವೈ’ ಕಂಡಿತು. ಇದು ಹೊಳಪಿನ ತುದಿಗೇರಲು ಸುಮಾರು ಎಪ್ಪತ್ತು ದಿನಗಳನ್ನು ತೆಗೆದುಕೊಂಡಿತು. ಸಾಧಾರಣ ಸೂಪರ್‌ನೋವಾಗಳಿಗೆ ಎರಡು ಮೂರು ವಾರ ಸಾಕು.

ಅದೇ 2006ರಲ್ಲಿ ಹಬಲ್ ದೂರದರ್ಶಕಕ್ಕೆ ಇನ್ನೊಂದು ಒಗಟು ಎದುರಾಯಿತು. ಯಾವ ಗೆಲಾಕ್ಸಿಯೂ ಕಾಣದ ಜಾಗದಲ್ಲಿ ಚುಕ್ಕಿಯೊಂದು ಸುಮಾರು ನೂರು ದಿನ ಬೆಳಗುತ್ತ ಹೋಗಿ, ಅಷ್ಟೇ ನಿಧಾನವಾಗಿ ನಂದಿತು. ಅದರ ರೋಹಿತ, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕಾಣುವ ಗೆರೆಗಳ ವಿನ್ಯಾಸ, ತಿಳಿದಿದ್ದ ಯಾವ ಮಾದರಿಗೂ ಹೊಂದಲಿಲ್ಲ. ಪಾಲೊಮಾರ್‌ನ ಹೊಸ ವ್ಯಾಪಕ ಸಮೀಕ್ಷೆಯಲ್ಲಿ ದೊರೆತ ನಾಲ್ಕು ಸ್ಫೋಟಗಳನ್ನು ಇದರ ಜೊತೆಗೂ 2005ಎಪಿಯ ಜೊತೆಗೂ ಇಟ್ಟು ನೋಡಿದ ಕ್ವಿಂಬಿ ಮತ್ತು ಸಂಗಡಿಗರು ಇವೆಲ್ಲ ಒಂದೇ ಕುಲದವು ಎಂದು 2011ರಲ್ಲಿ ತೋರಿಸಿದರು. ದೂರ ಹೆಚ್ಚಿದಂತೆ ರೋಹಿತದ ಗೆರೆಗಳು ಸರಿದು ಕಾಣುವುದರಿಂದ ಗುರುತು ತಪ್ಪಿಹೋಗಿತ್ತು, ಅಷ್ಟೆ. ಆಂಟಿ ಆರ್ನೆ 1910ರಲ್ಲಿ ರೂಪಿಸಿ ಸ್ಟಿತ್ ಥಾಮ್ಸನ್ ವಿಸ್ತರಿಸಿದ ಕಥಾವರ್ಗ ಸೂಚಿಯನ್ನು ಬಳಸಿದ ಜಾನಪದ ವಿದ್ವಾಂಸರಿಗೆ ಈ ಅನುಭವ ಹೊಸದಲ್ಲ. ಒಂಟಿಯಾಗಿ ಅರ್ಥವಾಗದ ಕಥೆಯೊಂದು ಅದರ ಪಾಠಾಂತರಗಳ ನಡುವೆ ಇಟ್ಟಾಗ ತನ್ನ ಕುಲವನ್ನು ತಾನೇ ಹೇಳುತ್ತದೆ. 2012ರಲ್ಲಿ ಅವಿಶಯ್ ಗಾಲ್-ಯಾಮ್ ಅವರು ಬರೆದ ಸಮೀಕ್ಷಾ ಪ್ರಬಂಧವು ಈ ವರ್ಗಕ್ಕೆ ಹೊಳಪಿನ ಒಂದು ಮಿತಿಯನ್ನೂ ಒಳವಿಭಾಗಗಳನ್ನೂ ಸೂಚಿಸಿತು.

ಕಾರಣಗಳ ಜಿಜ್ಞಾಸೆ

ಇಷ್ಟೊಂದು ಬೆಳಕು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಮುಖ್ಯವಾಗಿ ಮೂರು ಉತ್ತರಗಳಿವೆ. ಮೊದಲನೆಯದು, ಸ್ಫೋಟದ ನಂತರ ಉಳಿದ ನ್ಯೂಟ್ರಾನ್ ನಕ್ಷತ್ರವು ತೀವ್ರ ಕಾಂತಕ್ಷೇತ್ರದೊಡನೆ ಸೆಕೆಂಡಿಗೆ ನೂರಾರು ಸುತ್ತು ತಿರುಗುತ್ತ ತನ್ನ ತಿರುಗಣೆಯ ಶಕ್ತಿಯನ್ನು ಸುತ್ತಲ ಅವಶೇಷಕ್ಕೆ ಉಣಿಸುತ್ತದೆ ಎಂಬುದು. ಇಂಥ ನಕ್ಷತ್ರವನ್ನು ಮ್ಯಾಗ್ನೆಟಾರ್ ಎನ್ನುತ್ತಾರೆ. ಜಲಜನಕರಹಿತ ವರ್ಗಕ್ಕೆ ಈ ವಿವರಣೆಯೇ ಇಂದು ಹೆಚ್ಚು ಮನ್ನಣೆ ಪಡೆದಿದೆ. ಎರಡನೆಯದು, ನಕ್ಷತ್ರವು ಸಾಯುವ ಮುನ್ನ ಹೊರಚೆಲ್ಲಿದ್ದ ದ್ರವ್ಯದ ಕವಚಕ್ಕೆ ಸ್ಫೋಟದ ಅಲೆ ಬಡಿದು ಬೆಳಕಾಗುತ್ತದೆ ಎಂಬುದು. ಮೂರನೆಯದು, ಸೂರ್ಯನ ನೂರಕ್ಕೂ ಹೆಚ್ಚು ಪಟ್ಟು ದ್ರವ್ಯದ ನಕ್ಷತ್ರದ ಒಡಲಲ್ಲಿ ಬೆಳಕಿನ ಕಣಗಳೇ ಇಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಗಳಾಗಿ ಮಾರ್ಪಟ್ಟು, ಒಳಗಿನ ಒತ್ತಡ ಕುಗ್ಗಿ, ಇಡೀ ನಕ್ಷತ್ರ ಸಿಡಿಯುತ್ತದೆ ಎಂಬುದು. ಈ ಸಾಧ್ಯತೆಯನ್ನು 1960ರ ದಶಕದಲ್ಲಿಯೇ ಲೆಕ್ಕಹಾಕಲಾಗಿತ್ತು.

ಈ ಅಧ್ಯಯನದಲ್ಲಿ ತೀರ್ಮಾನಗಳು ತಿದ್ದುಪಡಿಗೆ ತೆರೆದಿರುತ್ತವೆ ಎಂಬುದು ಗಮನಾರ್ಹ. ದೈತ್ಯ ನಕ್ಷತ್ರದ ಸಾವೆಂದು ಭಾವಿಸಲಾಗಿದ್ದ 2006ಜಿವೈಯ ರೋಹಿತದಲ್ಲಿ ಹೇರಳ ಕಬ್ಬಿಣದ ಗುರುತಿರುವುದನ್ನು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿ, ಅದು ಶ್ವೇತಕುಬ್ಜದ ಸ್ಫೋಟ ದಟ್ಟ ಕವಚಕ್ಕೆ ಬಡಿದ ಪರಿಣಾಮವಿರಬಹುದೆಂದು ಸೂಚಿಸಿತು. 2015ರ ಜೂನ್‌ನಲ್ಲಿ ಕಂಡ ‘ಅಸಾಸ್ಸಿನ್-15ಎಲ್‌ಎಚ್’ ಎಂಬ ಘಟನೆ ಸೂರ್ಯನ 57,000 ಕೋಟಿ ಪಟ್ಟು ಬೆಳಗಿ, ಅದುವರೆಗಿನ ಅತಿ ಪ್ರಖರ ಸೂಪರ್‌ನೋವಾ ಎನಿಸಿಕೊಂಡಿತು. ಆದರೆ 2016ರ ಕೊನೆಗೆ ಇನ್ನೊಂದು ತಂಡವು ಅದು ಸೂಪರ್‌ನೋವಾ ಅಲ್ಲ, ವೇಗವಾಗಿ ತಿರುಗುವ ಬೃಹತ್ ಕೃಷ್ಣರಂಧ್ರವೊಂದು ನಕ್ಷತ್ರವನ್ನು ಸೀಳಿದ ದೃಶ್ಯ ಎಂದು ವಾದಿಸಿತು.

ಕರ್ನಾಟಕಕ್ಕೂ ಈ ಅಧ್ಯಯನಕ್ಕೂ ನೇರ ನಂಟಿದೆ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಭಾರತೀಯ ಖಭೌತ ಸಂಸ್ಥೆಯವರು ಬೆಂಗಳೂರು ಸಮೀಪದ ಹೊಸಕೋಟೆಯಲ್ಲಿ ಕುಳಿತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. 2020ರ ಜನವರಿಯಲ್ಲಿ ಪತ್ತೆಯಾದ ‘2020ಎಎನ್‌ಕೆ’ ಎಂಬ ಅತ್ಯುಜ್ಜ್ವಲ ಸೂಪರ್‌ನೋವಾವನ್ನು ನೈನಿತಾಲಿನ ಆರ್ಯಭಟ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಧ್ಯಯನ ಮಾಡಿದಾಗ, ದೇವಸ್ಥಲದ 3.6 ಮೀಟರ್ ದೂರದರ್ಶಕದ ಜೊತೆಗೆ ಈ ದೂರದರ್ಶಕವನ್ನೂ ಬಳಸಿದ್ದರು.

ಈ ತೀರದಿಂದ ಕಂಡಿರಬಹುದಾದ ಅತಿಥಿಗಳು

ಪ್ರಾಚೀನ ಚೀನದ ರಾಜಜ್ಯೋತಿಷಿಗಳು ಇದ್ದಕ್ಕಿದ್ದಂತೆ ಮೂಡಿ ಮರೆಯಾಗುವ ನಕ್ಷತ್ರವನ್ನು ‘ಅತಿಥಿ ನಕ್ಷತ್ರ’ ಎಂದು ದಾಖಲಿಸುತ್ತಿದ್ದರು. ಇಂಥ ಅತಿಥಿಗಳು ಭಟ್ಕಳ, ಹೊನ್ನಾವರ, ಕುಮಟಾ ತೀರದಿಂದ ಹೇಗೆ ಕಂಡಿರಬಹುದು ಎಂಬುದನ್ನು ಅಕ್ಷಾಂಶ ಮತ್ತು ಋತುಮಾನದ ಆಧಾರದಿಂದ ಲೆಕ್ಕಹಾಕಬಹುದು.

ದಾಖಲಾದವುಗಳಲ್ಲಿ ಅತ್ಯಂತ ಪ್ರಕಾಶಮಾನವಾದುದು 1006ರ ಏಪ್ರಿಲ್ ಕೊನೆಗೆ ಕಂಡ ನಕ್ಷತ್ರ. ಅದು ಶುಕ್ರನಿಗಿಂತ ಹತ್ತು ಪಟ್ಟಿಗೂ ಹೆಚ್ಚು ಬೆಳಗಿತ್ತು. ಚೀನ, ಜಪಾನ್, ಈಜಿಪ್ಟ್, ಇರಾಕ್ ಮತ್ತು ಸ್ವಿಟ್ಜರ್ಲೆಂಡಿನ ಸೇಂಟ್ ಗಾಲೆನ್ ಮಠದ ದಾಖಲೆಗಳಲ್ಲಿ ಅದರ ಉಲ್ಲೇಖವಿದೆ. ಸೇಂಟ್ ಗಾಲೆನ್‌ನಲ್ಲಿ ದಕ್ಷಿಣ ದಿಗಂತದ ಅಂಚಿನಲ್ಲಷ್ಟೇ ಇಣುಕಿದ ಆ ನಕ್ಷತ್ರ, ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದ ನಮ್ಮ ತೀರದಲ್ಲಿ ನಡುರಾತ್ರಿಯ ಹೊತ್ತಿಗೆ ದಕ್ಷಿಣದಲ್ಲಿ ಸುಮಾರು 38 ಡಿಗ್ರಿ ಎತ್ತರಕ್ಕೆ ಏರಿರಬೇಕು. ಮುಂಗಾರು ಕಾಲಿಡಲು ಇನ್ನೂ ಸುಮಾರು ನಾಲ್ಕು ವಾರಗಳಿದ್ದವು. ದೋಣಿಗಳು ಇನ್ನೂ ಕಡಲಿಗಿಳಿಯುವ ಕಾಲವದು.

1054ರ ಜುಲೈ 4ರಂದು ವೃಷಭ ರಾಶಿಯಲ್ಲಿ ಮೂಡಿ ಚೀನದಲ್ಲಿ 23 ದಿನ ಹಗಲಿನಲ್ಲೂ ಕಂಡ ನಕ್ಷತ್ರದ ಸಂಗತಿ ಇದಕ್ಕೆ ವಿರುದ್ಧ. ಆ ಸ್ಫೋಟದ ಅವಶೇಷವೇ ಇಂದಿನ ಏಡಿ ನೀಹಾರಿಕೆ. ಜಗತ್ತಿನ ಸೂಪರ್‌ನೋವಾ ಚರಿತ್ರೆಯಲ್ಲಿ ಅತ್ಯಂತ ಪ್ರಸಿದ್ಧವಾದ ಈ ಘಟನೆಯ ಉಜ್ಜ್ವಲ ದಿನಗಳು ನಮ್ಮ ಕರಾವಳಿಯ ಜಡಿಮಳೆಯ ದಿನಗಳು. ಇಲ್ಲಿಯ ಜನಕ್ಕೆ ಅದು ಮೋಡದ ಮರೆಯಲ್ಲೇ ಕಳೆದಿರುವ ಸಂಭವ ಹೆಚ್ಚು. ನೂಲ ಹುಣ್ಣಿಮೆಯ ಸಮುದ್ರಪೂಜೆ ಮುಗಿದು, ಮಳೆಯೂ ಹಿಂದೆಗೆದು, ಆಕಾಶ ತಿಳಿಯಾಗುವ ಹೊತ್ತಿಗೆ ಅದರ ಹೊಳಪು ಬಹಳ ಇಳಿದಿತ್ತು. ಆದರೂ ರಾತ್ರಿಯಲ್ಲಿ ಅದು 1056ರ ಏಪ್ರಿಲ್‌ವರೆಗೆ ಕಾಣುತ್ತಿತ್ತು.

1572ರ ನವೆಂಬರ್‌ನಲ್ಲಿ ಟೈಕೋ ಬ್ರಾಹೆ ಗಮನಿಸಿದ ನಕ್ಷತ್ರ ಉತ್ತರ ದಿಕ್ಕಿನಲ್ಲಿ ಸುಮಾರು 42 ಡಿಗ್ರಿ ಎತ್ತರಕ್ಕೆ ಏರುತ್ತಿತ್ತು. 1604ರ ಅಕ್ಟೋಬರ್‌ನಲ್ಲಿ ಕೆಪ್ಲರ್ ಅಧ್ಯಯನ ಮಾಡಿದ ನಕ್ಷತ್ರ ಸಂಜೆಯ ಪಡುವಣ ಬಾನಿನಲ್ಲಿ, ಅಂದರೆ ಕಡಲಿನ ಮೇಲೆಯೇ, ಗುರು ಶನಿಗಳ ನೆರೆಯಲ್ಲಿ ಹೊಳೆಯುತ್ತಿತ್ತು. ಇವೆರಡೂ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಆಳ್ವಿಕೆಯ ಕಾಲಕ್ಕೆ ಸೇರುತ್ತವೆ. ಕರಿಮೆಣಸಿನ ಹಡಗುಗಳು ಹೋಗಿಬರುತ್ತಿದ್ದ ಹೊನ್ನಾವರ, ಭಟ್ಕಳಗಳ ಬಂದರುಗಳಲ್ಲಿ ಆಗ ನಕ್ಷತ್ರ ನೋಡಿ ದಾರಿ ಹಿಡಿಯುವವರ ಕೊರತೆ ಇರಲಿಲ್ಲ. ನಕ್ಷತ್ರಗಳು ಮೂಡುವ ಮತ್ತು ಮುಳುಗುವ ನೆಲೆಗಳಿಂದಲೇ ದಿಕ್ಕುಗಳನ್ನು 32 ಭಾಗ ಮಾಡಿದ್ದ ಅರಬ್ಬೀ ನಾವಿಕರು, ಗಂಟುಹಾಕಿದ ದಾರ ಮತ್ತು ಮರದ ಹಲಗೆಯ ‘ಕಮಾಲ್’ ಎಂಬ ಸಾಧನದಿಂದ ಧ್ರುವ ನಕ್ಷತ್ರದ ಎತ್ತರವನ್ನು ಅಳೆಯುತ್ತಿದ್ದರು.

ದಾಖಲೆಯ ಪ್ರಶ್ನೆ

ಹಾಗಾದರೆ ನಮ್ಮಲ್ಲಿ ದಾಖಲೆ ಏಕಿಲ್ಲ? ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದಲ್ಲಿದ್ದ ಬಿ. ಎಸ್. ಶೈಲಜಾ ಅವರು ಸಂಗಡಿಗರೊಂದಿಗೆ ಶಿಲಾಶಾಸನಗಳಲ್ಲಿನ ಗ್ರಹಣ ಮೊದಲಾದ ಆಕಾಶಘಟನೆಗಳನ್ನು ಪರಿಶೀಲಿಸಿ, ಅವು ಖಗೋಳ ಚರಿತ್ರೆಗೆ ಎಂಥ ಬೆಲೆಯುಳ್ಳ ಆಕರಗಳೆಂಬುದನ್ನು ತೋರಿಸಿದ್ದಾರೆ. ಆದರೆ 1006 ಅಥವಾ 1054ರ ನಕ್ಷತ್ರದ ಬಗ್ಗೆ ವಿದ್ವಾಂಸರೆಲ್ಲರೂ ಒಪ್ಪುವ ಭಾರತೀಯ ದಾಖಲೆ ದೊರೆತಿಲ್ಲ. ಶಾಸನದ ಉದ್ದೇಶವನ್ನು ಗಮನಿಸಿದರೆ ಇದರ ಒಂದು ಕಾರಣವನ್ನು ಊಹಿಸಬಹುದು. ದಾನವು ಆಚಂದ್ರಾರ್ಕವಾಗಿ ನಿಲ್ಲಲಿ ಎಂದು ಹಾರೈಸುವ ಶಾಸನಕ್ಕೆ ಸದಾ ಇರುವ ಸೂರ್ಯಚಂದ್ರರೂ ಪುಣ್ಯಕಾಲವನ್ನು ತರುವ ಗ್ರಹಣ, ಸಂಕ್ರಮಣಗಳೂ ಬೇಕು. ಬಂದು ಹೋಗುವ ಅತಿಥಿಗೆ ಅಲ್ಲಿ ಸ್ಥಾನವಿಲ್ಲ.

ದಾಖಲೆ ಇಲ್ಲದಲ್ಲಿ ಐತಿಹ್ಯಗಳಿಂದ ಆ ಖಾಲಿಜಾಗವನ್ನು ತುಂಬುವ ಆಸೆ ಸಹಜ. ಕಾಶ್ಮೀರದ ಬುರ್ಜಹೋಮ್‌ನಲ್ಲಿ ದೊರೆತ ಶಿಲಾಫಲಕವೊಂದರಲ್ಲಿ ಬೇಟೆಯ ದೃಶ್ಯದ ಮೇಲೆ ಎರಡು ಪ್ರಕಾಶಕಾಯಗಳಿವೆ. ಅವುಗಳಲ್ಲಿ ಒಂದು ಪ್ರಾಗೈತಿಹಾಸಿಕ ಸೂಪರ್‌ನೋವಾ ಇರಬಹುದೆಂದು ಮಯಂಕ್ ವಾಹಿಯಾ ಮತ್ತು ಸಂಗಡಿಗರು ವಾದಿಸಿದ್ದಾರೆ. ಇದು ಚರ್ಚೆಗೆ ಯೋಗ್ಯವಾದ ಊಹೆಯೇ ಹೊರತು ಸಿದ್ಧಪಟ್ಟ ಸತ್ಯವಲ್ಲ. ಕಥೆಯೊಂದರಲ್ಲಿ ‘ಹೊಳೆವ ಚುಕ್ಕಿ’ ಬಂದ ಮಾತ್ರಕ್ಕೆ ಅದನ್ನು ಸಾವಿರ ವರ್ಷದ ಹಿಂದಿನ ಘಟನೆಗೆ ಗಂಟುಹಾಕುವುದು ಕಥೆಗೂ ಖಗೋಳಶಾಸ್ತ್ರಕ್ಕೂ ಬಗೆಯುವ ಅನ್ಯಾಯ. ಶುಕ್ರ, ಧೂಮಕೇತು, ಉಲ್ಕೆ ಇವೆಲ್ಲವೂ ಕಥೆಯಲ್ಲಿ ಹೊಳೆವ ಚುಕ್ಕಿಗಳೇ.

ಸಂಗ್ರಹಣೆಗೆ ಒಂದು ಪಾಠ

1987ರ ಫೆಬ್ರುವರಿ 24ರ ರಾತ್ರಿ, ಚಿಲಿ ದೇಶದ ಲಾಸ್ ಕಂಪಾನಾಸ್ ವೀಕ್ಷಣಾಲಯದ ಸಹಾಯಕ ಆಸ್ಕರ್ ದುಹಾಲ್ದೆ ವಿರಾಮದ ವೇಳೆಯಲ್ಲಿ ಹೊರಗೆ ಬಂದು ತಲೆಯೆತ್ತಿದಾಗ, ನೆರೆಯ ಗೆಲಾಕ್ಸಿಯಾದ ದೊಡ್ಡ ಮೆಗೆಲನ್ ಮೋಡದಲ್ಲಿ ಹಿಂದೆ ಇಲ್ಲದ ಚುಕ್ಕಿಯೊಂದನ್ನು ಬರಿಗಣ್ಣಿನಿಂದಲೇ ಕಂಡರು. ಆಕಾಶದ ಆ ಭಾಗ ಅವರಿಗೆ ಅಷ್ಟು ಪರಿಚಿತವಾಗಿತ್ತು. ಆದರೆ ಒಳಗೆ ಹೋಗಿ ಕೆಲಸದಲ್ಲಿ ಮುಳುಗಿ ಯಾರಿಗೂ ಹೇಳಲಿಲ್ಲ. ಅದೇ ರಾತ್ರಿ ಅದನ್ನು ಛಾಯಾಚಿತ್ರದಲ್ಲಿ ಗುರುತಿಸಿದ ಇಯಾನ್ ಶೆಲ್ಟನ್ ಬಂದು ವಿಚಾರಿಸಿದಾಗ ಮಾತ್ರ ‘ನಾನೂ ಕಂಡೆ’ ಎಂಬ ಮಾತು ಹೊರಬಂದಿತು. ನಮ್ಮ ತೀರದಲ್ಲಿ ಆ ನಕ್ಷತ್ರ ದಕ್ಷಿಣ ದಿಗಂತದಿಂದ ಏಳು ಡಿಗ್ರಿಯಷ್ಟೂ ಮೇಲೇರದೆ ಮಂಕಾಗಿಯೇ ಉಳಿದಿರಬೇಕು. ತಮಿಳುನಾಡಿನ ಕಾವಲೂರಿನಿಂದ ಭಾರತೀಯ ಖಭೌತ ಸಂಸ್ಥೆಯವರು ಅದನ್ನು ದೂರದರ್ಶಕಗಳ ಮೂಲಕ ಅಧ್ಯಯನ ಮಾಡಿದರು.

ಈ ಪ್ರಸಂಗದಿಂದ ಶೋಧಕ್ಕೆ ಮೂರು ಅಗತ್ಯಗಳಿವೆ ಎಂಬುದು ಸ್ಪಷ್ಟವಾಗುತ್ತದೆ. ಹಳೆಯ ಆಕಾಶವನ್ನು ಬಲ್ಲ ಕಣ್ಣು ಬೇಕು. ಮೊದಲೇ ಆರಿಸಿಕೊಳ್ಳದೆ ಇಡೀ ಚೌಕಟ್ಟನ್ನು ನೋಡುವ ಕ್ರಮ ಬೇಕು. ಕಂಡವನನ್ನು ಕೇಳುವವರು ಬೇಕು. ನಮ್ಮ ಕರಾವಳಿಯಲ್ಲಿ ಮೊದಲನೆಯದು ಇತ್ತು. ಕೊರತೆಯಾದದ್ದು ಉಳಿದೆರಡು, ಮತ್ತು ಆ ಕೊರತೆಗೆ ನಮ್ಮಂಥ ಸಂಗ್ರಾಹಕರೇ ಹೊಣೆ. ಎಲ್. ಆರ್. ಹೆಗಡೆ, ಎನ್. ಆರ್. ನಾಯಕ, ಶಾಂತಿ ನಾಯಕ ಮೊದಲಾದ ಹಿರಿಯರು ಉತ್ತರ ಕನ್ನಡದ ಸಮುದಾಯಗಳ ಹಾಡು, ಕಥೆ, ಆಚರಣೆಗಳನ್ನು ಸಂಗ್ರಹಿಸಿ ಭದ್ರವಾದ ತಳಹದಿ ಹಾಕಿಕೊಟ್ಟರು. ಅವರ ನಂತರ ಬಂದ ನಾವು ಬಹುಮಟ್ಟಿಗೆ ಅದೇ ಹೆಸರಾಂತ ಪ್ರಕಾರಗಳತ್ತಲೇ ಮತ್ತೆಮತ್ತೆ ಮುಖಮಾಡಿದೆವು.

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಿಕೊಳ್ಳಬೇಕು. ಪಿಎಚ್.ಡಿ. ಪದವಿಯ ಕ್ಷೇತ್ರಕಾರ್ಯದ ದಿನಗಳಲ್ಲಿ ಹೊನ್ನಾವರ ಸಮೀಪದ ಹಿರಿಯ ಮೀನುಗಾರರೊಬ್ಬರ ಬಳಿ ಹಾಡುಗಳಿಗಾಗಿ ಹೋಗಿದ್ದೆ. ಹಾಡಿನ ನಡುವೆ ಅವರು ಅಂಗಳಕ್ಕೆ ಬಂದು ಆಕಾಶದತ್ತ ಕೈಮಾಡಿ, ಯಾವ ಚುಕ್ಕಿ ಎಲ್ಲಿಗೆ ಬಂದಾಗ ಬಲೆ ಎಳೆಯುತ್ತಿದ್ದರು, ಯಾವುದು ಕಂತಿದಾಗ ದಡದತ್ತ ತಿರುಗುತ್ತಿದ್ದರು ಎಂದು ಬಹಳ ಹೊತ್ತು ವಿವರಿಸಿದರು. ನಾನು ಟೇಪು ಉಳಿಸುವ ಯೋಚನೆಯಿಂದ ಧ್ವನಿಮುದ್ರಣ ನಿಲ್ಲಿಸಿದೆ. ಟಿಪ್ಪಣಿ ಪುಸ್ತಕದಲ್ಲಿ ಆ ದಿನದ ಪುಟದ ಕೊನೆಗೆ ‘ನಕ್ಷತ್ರಗಳ ಬಗ್ಗೆ ಮಾತು’ ಎಂಬ ಮೂರು ಪದಗಳಷ್ಟೇ ಉಳಿದಿವೆ. ಮುಂದೆ ಕೆಲವು ವರ್ಷಗಳ ಬಳಿಕ ಹೋದಾಗ ಅವರಿರಲಿಲ್ಲ. ಅವರ ಮಕ್ಕಳ ದೋಣಿಯಲ್ಲಿ ಜಿಪಿಎಸ್ ಇತ್ತು. ಆ ಮೂರು ಪದಗಳ ಹಿಂದೆ ಯಾವ ಹೆಸರುಗಳಿದ್ದವು ಎಂಬುದನ್ನು ಇನ್ನು ತಿಳಿಯುವ ದಾರಿಯಿಲ್ಲ.

ಈ ಹಿನ್ನೆಲೆಯಲ್ಲಿ ಕೆಲವು ಸೂಚನೆಗಳನ್ನು ಮುಂದಿಡಬಹುದು. ನಕ್ಷತ್ರಗಳ ಹೆಸರನ್ನು ಮನೆಯೊಳಗೆ ಕುಳಿತು ಕೇಳದೆ, ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳಲ್ಲಿ ದಂಡೆಯ ಮೇಲೆ, ಆಕಾಶದ ಎದುರಿನಲ್ಲಿ ಕೇಳಬೇಕು. ದಿನಾಂಕ, ವೇಳೆ, ದಿಕ್ಕು, ಎತ್ತರಗಳನ್ನು ಬರೆದಿಟ್ಟರೆ ಹೆಸರು ಯಾವ ನಕ್ಷತ್ರದ್ದೆಂದು ಅನಂತರವೂ ಗುರುತಿಸಬಹುದು. ಅದೇ ಆಕಾಶವನ್ನು ಕನ್ನಡ, ಕೊಂಕಣಿ, ನವಾಯತಿ ಮಾತನಾಡುವವರು ಬೇರೆಬೇರೆಯಾಗಿ ಹೆಸರಿಸಿರಬಹುದಾದ್ದರಿಂದ ಮೂರನ್ನೂ ಒಟ್ಟಿಗೆ ಸಂಗ್ರಹಿಸಬೇಕು. ಇಡೀ ರಾತ್ರಿ ಬಯಲಲ್ಲಿ ಕಳೆಯುವ ಯಕ್ಷಗಾನ ಕಲಾವಿದರು, ಗದ್ದೆ ಕಾಯುವ ಹಾಲಕ್ಕಿ ಒಕ್ಕಲಿಗರು ಇವರನ್ನೂ ಕೇಳಬೇಕು.

ಜನಸ್ಮೃತಿ ಆಕಾಶದ ಘಟನೆಯನ್ನು ಎಷ್ಟು ನಿಖರವಾಗಿ ಹಿಡಿದಿಡುತ್ತದೆ ಎಂಬುದನ್ನು ಅಳೆಯಲು ನಮ್ಮಲ್ಲಿಯೇ ಒಂದು ಒರೆಗಲ್ಲಿದೆ. 1980ರ ಫೆಬ್ರುವರಿ 16ರ ಸಂಪೂರ್ಣ ಸೂರ್ಯಗ್ರಹಣದ ನೆರಳು ಭಾರತವನ್ನು ಪ್ರವೇಶಿಸಿದ್ದು ಅಂಕೋಲಾ ಪರಿಸರದ ಕರಾವಳಿಯಿಂದ. ಅಂದು ಮಧ್ಯಾಹ್ನದ ಇಳಿಹೊತ್ತಿನಲ್ಲಿ ಕವಿದ ಕತ್ತಲೆಯನ್ನು ಕಂಡವರೂ ಬಾಗಿಲು ಮುಚ್ಚಿ ಒಳಗೆ ಕುಳಿತವರೂ ಕುಮಟಾ, ಹೊನ್ನಾವರಗಳಲ್ಲಿ ಇಂದಿಗೂ ಇದ್ದಾರೆ. ದಿನಾಂಕ, ವೇಳೆ ಖಚಿತವಾಗಿರುವ ಈ ಘಟನೆಯ ನೆನಪುಗಳನ್ನು ಸಂಗ್ರಹಿಸಿ ಹೋಲಿಸಿದರೆ, ನಾಲ್ಕೂವರೆ ದಶಕಗಳಲ್ಲಿ ಏನು ಉಳಿಯುತ್ತದೆ, ಏನು ಕಥೆಯಾಗುತ್ತದೆ ಎಂಬುದು ತಿಳಿಯುತ್ತದೆ. ಸಾವಿರ ವರ್ಷದ ಹಿಂದಿನ ನಕ್ಷತ್ರವನ್ನು ಐತಿಹ್ಯದಲ್ಲಿ ಹುಡುಕುವ ಮೊದಲು ಮಾಡಬೇಕಾದ ಕೆಲಸವಿದು.

ಉಪಸಂಹಾರ

1604ರ ನಂತರ ನಮ್ಮ ಗೆಲಾಕ್ಸಿಯೊಳಗೆ ಬರಿಗಣ್ಣಿಗೆ ಎದ್ದು ಕಾಣುವ ಸೂಪರ್‌ನೋವಾ ದಾಖಲಾಗಿಲ್ಲ. ಮುಂದಿನದು ಯಾವಾಗ ಎಂದು ಯಾರೂ ಹೇಳಲಾರರು. ಚಿಲಿಯ ವೆರಾ ರೂಬಿನ್ ವೀಕ್ಷಣಾಲಯ 2025ರ ಜೂನ್‌ನಲ್ಲಿ ತನ್ನ ಮೊದಲ ಚಿತ್ರಗಳನ್ನು ಪ್ರಕಟಿಸಿದೆ. ಕೆಲವೇ ರಾತ್ರಿಗಳಿಗೊಮ್ಮೆ ದಕ್ಷಿಣದ ಇಡೀ ಆಕಾಶವನ್ನು ಮತ್ತೆಮತ್ತೆ ಚಿತ್ರಿಸುವುದು ಅದರ ಉದ್ದೇಶ. ಆದ್ದರಿಂದ ಹೊಸ ನಕ್ಷತ್ರವನ್ನು ಕಾಣಲು ವಿಜ್ಞಾನಕ್ಕೆ ನಮ್ಮ ಮೀನುಗಾರರ ಕಣ್ಣು ಬೇಕಾಗಿಲ್ಲ. ಆದರೆ ಮನುಷ್ಯರು ಆಕಾಶವನ್ನು ದುಡಿಮೆಯ ಜೊತೆಗಾರನನ್ನಾಗಿ ಮಾಡಿಕೊಂಡು ಬದುಕಿದ ಬಗೆಯನ್ನು ಯಾವ ದೂರದರ್ಶಕವೂ ದಾಖಲಿಸಲಾರದು. ಅದು ದಂಡೆಯ ಕೆಲವು ಹಿರಿಯರ ನೆನಪಿನಲ್ಲಿದೆ. ಅತ್ಯುಜ್ಜ್ವಲ ಸೂಪರ್‌ನೋವಾಗಳು ಹೆಸರಿಲ್ಲದ ಕುಬ್ಜ ಗೆಲಾಕ್ಸಿಗಳಲ್ಲಿ ದೊರೆತಂತೆ, ಜಾನಪದದ ಬೆಲೆಯುಳ್ಳ ಸಾಮಗ್ರಿಯೂ ನಾವು ಪ್ರಕಾರವೆಂದು ಎಣಿಸದ ಮಾತುಗಳಲ್ಲಿ ಇರಬಹುದು. ಆ ಮಾತು ಬಂದಾಗ ಧ್ವನಿಮುದ್ರಣ ನಿಲ್ಲಿಸದಿರುವುದು ನಮ್ಮ ಕೈಯಲ್ಲಿರುವ ಕೆಲಸ.